ಬಾಗಿಲಲ್ಲಿ ಸ್ಯಾನಿಟೈಸರ್, ಒಳಗೆ ಉಸಿರುಗಟ್ಟುವ ಹಾಲ್: ಕೊರೊನಾದಿಂದ ನಮ್ಮ ಕನ್ನಡ ಸಂಘಗಳು ಕಲಿತದ್ದೇನು?



ಕೊರೊನಾ ಕಾಲದಲ್ಲಿ ನಾನು ಕಂಡ ಹೊರನಾಡಿನ ಕನ್ನಡ ಸಂಘಗಳಲ್ಲಿ ಬಹುಪಾಲು ಸಂಘಗಳು ಎರಡರಲ್ಲಿ ಒಂದು ದಾರಿ ಹಿಡಿದವು. ಒಂದೋ, ಕಾರ್ಯಕ್ರಮವನ್ನೇ ರದ್ದು ಮಾಡಿ ಝೂಮ್‌ನಲ್ಲಿ ಹಚ್ಚೇವು ದೀಪ ಅಂದವು. ಇಲ್ಲವೇ, ಎಚ್ಚರಿಕೆ ವಹಿಸಿದ ಹಾಗೆ ನಟಿಸಿ ಕಾರ್ಯಕ್ರಮ ಮಾಡಿದವು. ಮೂರನೆಯ ದಾರಿಯೂ ಒಂದಿತ್ತು. ಹಾಲ್‌ನ ಗಾಳಿಯನ್ನು ಅಳೆದು, ಲೆಕ್ಕ ಹಾಕಿ, ನಿಜವಾಗಿಯೂ ಸುರಕ್ಷಿತವಾಗಿ ಹಾಡು, ನಾಟಕ, ಯಕ್ಷಗಾನ ನಡೆಸುವ ದಾರಿ ಅದು. ನಾವಿರುವ ಈ ಜರ್ಮನಿಯಲ್ಲೇ ಸಾವಿರಕ್ಕೂ ಹೆಚ್ಚು ಜನರನ್ನು ಕೂರಿಸಿ ಪ್ರಯೋಗ ಮಾಡಿ ಅದನ್ನು ತೋರಿಸಿದ್ದರು. ನಮ್ಮವರು ಆ ಕಡೆ ತಿರುಗಿಯೂ ನೋಡಲಿಲ್ಲ. ಇವತ್ತಿಗೂ ನೋಡುತ್ತಿಲ್ಲ ಅನ್ನುವುದೇ ನನ್ನ ತಕರಾರು.

"ಏನಪ್ಪಾ, 2023ರ ಮೇ 5ರಂದೇ ವಿಶ್ವ ಆರೋಗ್ಯ ಸಂಸ್ಥೆ ತುರ್ತು ಪರಿಸ್ಥಿತಿ ಮುಗಿಯಿತು ಅಂತ ಘೋಷಿಸಿತು, ಈಗ ಯಾಕೆ ಈ ಹಳೇ ಪುರಾಣ?" ಅಂತ ನೀವು ಕೇಳಬಹುದು. ಈಗಲೇ ಮಾತಾಡಬೇಕು ಸ್ವಾಮಿ. ಬೆಂಕಿ ಬಿದ್ದಾಗ ಬಾವಿ ತೋಡುವವರ ಕಥೆ ನಮ್ಮದಾಗಬಾರದು. 2020ರಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅದನ್ನು ಒಪ್ಪೋಣ. ಆದರೆ ಈಗ ಗೊತ್ತಿದೆ. ಗೊತ್ತಿದ್ದೂ ಕೈಕಟ್ಟಿ ಕೂತರೆ ಅದಕ್ಕೆ ಕ್ಷಮೆ ಇಲ್ಲ.

ಅಪಾಯ ಇದ್ದದ್ದು ಗಾಳಿಯಲ್ಲಿ

2020ರ ಮಾರ್ಚ್ 10. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕಾಜಿಟ್ ಕಣಿವೆಯಲ್ಲಿ ಒಂದು ಸಮೂಹ ಗಾಯನ ತಂಡ ಅಭ್ಯಾಸಕ್ಕೆ ಸೇರಿತು. 61 ಜನ, ಎರಡೂವರೆ ಗಂಟೆ. ಬಾಗಿಲಲ್ಲಿ ಸ್ಯಾನಿಟೈಸರ್ ಇತ್ತು. ಕೈ ಕುಲುಕಲಿಲ್ಲ, ತಬ್ಬಿಕೊಳ್ಳಲಿಲ್ಲ. ಬಂದವರಲ್ಲಿ ಒಬ್ಬರಿಗೆ ಸೋಂಕಿನ ಲಕ್ಷಣ ಇತ್ತು. ಆಮೇಲೆ ಪರೀಕ್ಷೆಯಲ್ಲಿ ಖಚಿತವಾದವರು ಮತ್ತು ಲಕ್ಷಣಗಳಿಂದ ಗುರುತಿಸಿದವರು ಸೇರಿ 53 ಜನಕ್ಕೆ ಕಾಯಿಲೆ. ಇಬ್ಬರು ತೀರಿಕೊಂಡರು. ಈ ಘಟನೆಯನ್ನು ವಿಜ್ಞಾನಿಗಳು ಕೂಲಂಕಷವಾಗಿ ಅಧ್ಯಯನ ಮಾಡಿದರು. ಹಾಡುವಾಗ ಬಾಯಿಂದ ಹೊರಟು ಕೋಣೆಯ ಗಾಳಿಯಲ್ಲಿ ತೇಲುತ್ತಾ ಉಳಿದ ಸೂಕ್ಷ್ಮ ಕಣಗಳನ್ನು ಎಲ್ಲರೂ ಉಸಿರಾಡಿದ್ದೇ ಮುಖ್ಯ ಕಾರಣ ಇರಬೇಕು ಎಂಬ ತೀರ್ಮಾನಕ್ಕೆ ಬಂದರು.

ಅಂದರೆ ಬಾಗಿಲಲ್ಲಿದ್ದ ಸ್ಯಾನಿಟೈಸರ್ ಬಾಟಲಿಯಿಂದ ಅವತ್ತು ಅವರಿಗೆ ರಕ್ಷಣೆ ಸಿಗಲಿಲ್ಲ. ಕೈ ತೊಳೆಯುವುದು ಒಳ್ಳೆಯದೇ. ಆದರೆ ಹಾಡುವ, ಕೂಗುವ, ನಗುವ, ಗಂಟೆಗಟ್ಟಲೆ ಕೂರುವ ಜಾಗದಲ್ಲಿ ಮೊದಲ ಪ್ರಶ್ನೆ ಗಾಳಿಯದ್ದು.

ಜರ್ಮನ್ ಸರ್ಕಾರ ಜನರಿಗೆ ಹೇಳಿಕೊಟ್ಟ ಸೂತ್ರ ನಿಮಗೆ ನೆನಪಿರಬಹುದು. ಅಂತರ, ಸ್ವಚ್ಛತೆ, ಮಾಸ್ಕ್, ಈ ಮೂರರ ಜರ್ಮನ್ ಮೊದಲಕ್ಷರ ಸೇರಿ "ಆಹಾ". 2020ರ ಶರತ್ಕಾಲದಲ್ಲಿ ಅದಕ್ಕೆ ಇನ್ನೊಂದು ಅಕ್ಷರ ಸೇರಿಸಿದರು. ಅದು "ಎಲ್", ಅಂದರೆ ಲ್ಯುಫ್ಟನ್, ಕಿಟಕಿ ತೆಗೆದು ಗಾಳಿ ಆಡಿಸುವುದು. ನಮ್ಮವರು ಆಹಾ ಅಂದರು, "ಎಲ್" ಅನ್ನು ಮರೆತರು!

ಲೈಪ್‌ಜಿಗ್ ಮತ್ತು ಡಾರ್ಟ್‌ಮುಂಡ್ ಹೇಳಿದ ಪಾಠ

2020ರ ಆಗಸ್ಟ್ 22ರಂದು ಹಾಲೆ ವಿಶ್ವವಿದ್ಯಾಲಯದವರು ಲೈಪ್‌ಜಿಗ್ ನಗರದ ದೊಡ್ಡ ಒಳಾಂಗಣದಲ್ಲಿ ಒಂದು ಸಂಗೀತ ಕಚೇರಿ ಏರ್ಪಡಿಸಿದರು. ಹಾಡಿದ್ದು ಇಲ್ಲಿನ ಜನಪ್ರಿಯ ಗಾಯಕ ಟಿಮ್ ಬೆಂಡ್ಸ್ಕೊ. ಸುಮಾರು 1,400 ಸ್ವಯಂಸೇವಕರು ಪ್ರೇಕ್ಷಕರಾಗಿ ಬಂದರು. ಎಲ್ಲರಿಗೂ ಮೊದಲೇ ಪರೀಕ್ಷೆ, ಎಲ್ಲರಿಗೂ ಎಫ್‌ಎಫ್‌ಪಿ2 ಮಾಸ್ಕ್. ಯಾರು ಯಾರ ಹತ್ತಿರ ಎಷ್ಟು ಹೊತ್ತು ಇದ್ದರು ಅನ್ನುವುದನ್ನು ದಾಖಲಿಸುವ ಪುಟ್ಟ ಯಂತ್ರ ಪ್ರತಿಯೊಬ್ಬರ ಬಳಿಯೂ ಇತ್ತು. ಒಂದೇ ದಿನ ಮೂರು ಬಗೆಯಲ್ಲಿ ಜನರನ್ನು ಒಳಬಿಟ್ಟು, ಕೂರಿಸಿ, ಹೊರಕಳಿಸಿ ನೋಡಿದರು. ಕೊರೊನಾಕ್ಕೆ ಮುಂಚಿನ ಹಾಗೆ ಒಮ್ಮೆ, ಬಾಗಿಲುಗಳನ್ನು ಹೆಚ್ಚಿಸಿ ಒಮ್ಮೆ, ಅಂತರ ಬಿಟ್ಟು ಕೂರಿಸಿ ಒಮ್ಮೆ.

ಫಲಿತಾಂಶ? ಒಳ್ಳೆಯ ಗಾಳಿ ವ್ಯವಸ್ಥೆ ಇದ್ದು, ಮಾಸ್ಕ್ ಹಾಕಿ, ಜನರನ್ನು ಬೇರೆ ಬೇರೆ ಬಾಗಿಲುಗಳಿಂದ ಬಿಟ್ಟರೆ ಸೋಂಕಿನ ಅಪಾಯವನ್ನು ಬಹಳ ಕಡಿಮೆ ಮಾಡಬಹುದು. ಗಾಳಿ ವ್ಯವಸ್ಥೆ ಕೆಟ್ಟದಾಗಿದ್ದರೆ ಸೋಂಕಿಗೆ ಸಿಕ್ಕಿಕೊಳ್ಳುವವರ ಸಂಖ್ಯೆ ಹಲವು ಪಟ್ಟು ಏರುತ್ತದೆ. ಇನ್ನೊಂದು ವಿಷಯ ಗಮನಿಸಿ. ಜನ ಹತ್ತಿರ ಹತ್ತಿರ ಬರುವುದು ಹಾಡು ಕೇಳುವಾಗಷ್ಟೇ ಅಲ್ಲ, ಒಳಗೆ ಬರುವಾಗ ಮತ್ತು ಮಧ್ಯಂತರದಲ್ಲಿ. ನಮ್ಮ ಭಾಷೆಯಲ್ಲಿ ಹೇಳಬೇಕಾದರೆ, ಊಟದ ಕ್ಯೂನಲ್ಲಿ!

ಅದೇ ವರ್ಷ ನವೆಂಬರಿನಲ್ಲಿ ಜರ್ಮನಿಯ ಸಭಾಂಗಣಗಳೆಲ್ಲ ಬಾಗಿಲು ಹಾಕಿದ್ದಾಗ ಡಾರ್ಟ್‌ಮುಂಡ್ ಸಂಗೀತ ಮಂದಿರದವರು ಸುಮ್ಮನೆ ಕೂರಲಿಲ್ಲ. ಫ್ರೌನ್‌ಹೋಫರ್ ಸಂಸ್ಥೆಯ ತಜ್ಞರನ್ನು ಕರೆಸಿದರು. ಮನುಷ್ಯನ ಹಾಗೆ ಉಸಿರಾಡುವ ಒಂದು ಬೊಂಬೆಯನ್ನು ಕುರ್ಚಿಯ ಮೇಲೆ ಕೂರಿಸಿ, ಅದರ ಉಸಿರಿನ ಕಣಗಳು ಅಕ್ಕಪಕ್ಕದ ಕುರ್ಚಿಗಳಿಗೆ ಎಷ್ಟು ಹೋಗುತ್ತವೆ ಅಂತ ಅಳೆಸಿದರು. ಮಾಸ್ಕ್ ಇದ್ದು, ಯಂತ್ರಗಳ ಮೂಲಕ ಸಾಕಷ್ಟು ಹೊಸ ಗಾಳಿ ಬರುತ್ತಿದ್ದರೆ ಕೂತ ಜಾಗದಲ್ಲಿ ಅಪಾಯ ತೀರಾ ಕಡಿಮೆ ಅಂತ ಗೊತ್ತಾಯಿತು. ಆದರೂ ಹೊರಗಿನ ಮೊಗಸಾಲೆಯ ನೂಕುನುಗ್ಗಲನ್ನು ಲೆಕ್ಕಕ್ಕೆ ತೆಗೆದುಕೊಂಡು ಚದುರಂಗದ ಮನೆಗಳ ಹಾಗೆ ಒಂದು ಬಿಟ್ಟು ಒಂದು ಕುರ್ಚಿ ತುಂಬಿಸಿ ಅಂತ ಸಲಹೆ ಮಾಡಿದರು.

ಕಲೆಯನ್ನು ಪ್ರೀತಿಸುವವರು ಮಾಡುವ ಕೆಲಸ ಇದು. ಬಾಗಿಲು ಮುಚ್ಚಿದ್ದಾಗ ಅದನ್ನು ಮತ್ತೆ ತೆಗೆಯುವುದು ಹೇಗೆ ಅಂತ ಅವರು ಲೆಕ್ಕ ಹಾಕುತ್ತಿದ್ದರು. ಆಗ ನಾವು ವಾಟ್ಸಾಪಿನಲ್ಲಿ ಕಷಾಯದ ರೆಸಿಪಿ ಹಂಚುತ್ತಿದ್ದೆವು.

ನಮ್ಮ ಕಡೆ ನಡೆದದ್ದೇನು?

2021ರ ನವೆಂಬರಿನಲ್ಲಿ ನಾನು ಹೋಗಿದ್ದ ಒಂದು ರಾಜ್ಯೋತ್ಸವದ ಉದಾಹರಣೆ ಕೊಡುತ್ತೇನೆ. ಊರು, ಸಂಘ ಯಾವುದು ಅನ್ನುವುದು ಬೇಡ. ಬಾಗಿಲಲ್ಲಿ ಲಸಿಕೆ ಪತ್ರ ನೋಡಿದರು, ಹಣೆಗೆ ಥರ್ಮಾಮೀಟರ್ ಹಿಡಿದರು, ಕೈಗೆ ಸ್ಯಾನಿಟೈಸರ್ ಸುರಿದರು. ಸ್ವಾಗತ ಭಾಷಣದಲ್ಲಿ "ಎಲ್ಲಾ ನಿಯಮಗಳನ್ನು ಪಾಲಿಸಿದ್ದೇವೆ" ಅಂತ ಚಪ್ಪಾಳೆಯನ್ನೂ ಗಿಟ್ಟಿಸಿದರು. ಆಮೇಲೆ ನಾಲ್ಕು ಗಂಟೆ ಎಲ್ಲಾ ಕಿಟಕಿ ಮುಚ್ಚಿತ್ತು. ನಾನೇ ಎದ್ದು ಒಂದು ಕಿಟಕಿ ತೆಗೆದೆ. ಐದು ನಿಮಿಷಕ್ಕೆ ಸಮಿತಿಯವರೊಬ್ಬರು ಬಂದು "ಸಾರ್, ಚಳಿ, ಮಕ್ಕಳಿಗೆ ಶೀತ ಆಗತ್ತೆ" ಅಂತ ಮುಚ್ಚಿದರು. ಭಾವಗೀತೆ, ಸಮೂಹ ಗಾಯನ, ನಾಟಕ, ಡೊಳ್ಳು ಎಲ್ಲಾ ಆಯಿತು. ಮಾಸ್ಕ್ ಮೊದಲ ಹಾಡಿಗೆ ಗಲ್ಲಕ್ಕೆ ಇಳಿಯಿತು, ಎರಡನೆಯ ಹಾಡಿಗೆ ಜೇಬು ಸೇರಿತು. ಊಟ ನೆಲಮಾಳಿಗೆಯಲ್ಲಿ. ಅಲ್ಲಿ ಕಿಟಕಿಯೇ ಇರಲಿಲ್ಲ. ಬಿಸಿಬೇಳೆಬಾತಿಗೆ ಭುಜಕ್ಕೆ ಭುಜ ತಾಗಿಸಿ ಅರ್ಧ ಗಂಟೆ ನಿಂತೆವು.

ಹಾಲ್‌ನ ಗೋಡೆಯಲ್ಲಿ ಗಾಳಿ ಯಂತ್ರದ ಸ್ವಿಚ್ ಇತ್ತು. ಅದನ್ನು ಹಾಕಿಸಬೇಕಾದರೆ ಹಾಲ್ ನೋಡಿಕೊಳ್ಳುವವರಿಗೆ ಮೊದಲೇ ಹೇಳಬೇಕಿತ್ತು. ಯಾರೂ ಹೇಳಿರಲಿಲ್ಲ. ವೇದಿಕೆಯ ಹೂವಿನ ಅಲಂಕಾರಕ್ಕೆ ಮಾತ್ರ ಮೂರು ಮೀಟಿಂಗ್ ಆಗಿದ್ದವಂತೆ!

ಇದನ್ನು ಸುರಕ್ಷತೆ ಅನ್ನುತ್ತೀರಾ? ನಾವು ಕೆಲಸ ಮಾಡುವ ಕಂಪನಿಯಲ್ಲಿ ಯಾರಾದರೂ ಟೆಸ್ಟ್ ಮಾಡದ ಕೋಡಿಗೆ "ಟೆಸ್ಟ್ ಪಾಸ್" ಅಂತ ಬರೆದು ಗ್ರಾಹಕರಿಗೆ ಕಳಿಸಿದರೆ ಸುಮ್ಮನಿರುತ್ತೇವಾ? ವಾರವಿಡೀ ಅಳತೆ, ಪುರಾವೆ ಅಂತ ಮಾತಾಡುವ ನಾವು ಶನಿವಾರ ಕನ್ನಡದ ಕಾರ್ಯಕ್ರಮಕ್ಕೆ ಬಂದ ತಕ್ಷಣ "ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನುವುದು ಯಾಕೆ?

ಸ್ವಲ್ಪ ಲೆಕ್ಕ ಹಾಕೋಣ

20 ಮೀಟರ್ ಉದ್ದ, 15 ಮೀಟರ್ ಅಗಲ, 4 ಮೀಟರ್ ಎತ್ತರದ ಒಂದು ಹಾಲ್ ತೆಗೆದುಕೊಳ್ಳಿ. ಒಳಗಿನ ಗಾಳಿ 1,200 ಘನ ಮೀಟರ್. 200 ಜನ ಕೂತಿದ್ದಾರೆ. ಸುಮ್ಮನೆ ಕೂತ ಒಬ್ಬ ವ್ಯಕ್ತಿ ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಾನೆ. 200 ಜನಕ್ಕೆ 3,600 ಲೀಟರ್, ಅಂದರೆ 3.6 ಘನ ಮೀಟರ್. ಕಿಟಕಿ ಮುಚ್ಚಿದ್ದರೆ ಒಂದೇ ಗಂಟೆಯಲ್ಲಿ ಅದರ ಪ್ರಮಾಣ 3,000 ಪಿಪಿಎಂ ಏರುತ್ತದೆ. ಹೊರಗಿನ ಗಾಳಿಯಲ್ಲಿ ಇರುವುದು 420 ಪಿಪಿಎಂ ಆಸುಪಾಸು. ಜರ್ಮನಿಯ ಪರಿಸರ ಇಲಾಖೆಯ ಮಾರ್ಗಸೂಚಿ ಪ್ರಕಾರ 1,000ದ ಒಳಗಿದ್ದರೆ ಚಿಂತೆಯಿಲ್ಲ, 2,000 ದಾಟಿದರೆ ಒಪ್ಪತಕ್ಕದ್ದಲ್ಲ. ನಾವು ಮೊದಲ ಗಂಟೆಯಲ್ಲೇ 3,400ರ ಹತ್ತಿರ!

ಇಂಗಾಲದ ಡೈಆಕ್ಸೈಡೇ ವೈರಸ್ ಅಲ್ಲ, ನಿಜ. ಆದರೆ ಪಕ್ಕದವರು ಬಿಟ್ಟ ಉಸಿರನ್ನು ನಾವು ಎಷ್ಟು ಒಳಗೆಳೆದುಕೊಳ್ಳುತ್ತಿದ್ದೇವೆ ಅನ್ನುವುದಕ್ಕೆ ಅದು ಸುಲಭದ ಗುರುತು. ಅಳೆಯುವ ಯಂತ್ರ ನೂರು ಯೂರೋ ಆಸುಪಾಸಿಗೆ ಸಿಗುತ್ತದೆ. ಮುಖ್ಯ ಅತಿಥಿಗೆ ಹೊದಿಸುವ ಶಾಲು, ಹಾರ, ಸ್ಮರಣಿಕೆಯ ಖರ್ಚಿಗಿಂತ ಹೆಚ್ಚೇನಲ್ಲ.

ಈಗ ಪರಿಹಾರ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2023ರ ಮೇ ತಿಂಗಳಲ್ಲಿ ಜನ ಸೇರುವ ಕೋಣೆಗಳಿಗೆ ಒಂದು ಗುರಿ ಕೊಟ್ಟಿತು. ಗಂಟೆಗೆ ಕನಿಷ್ಠ 5 ಸಲ ಕೋಣೆಯ ಗಾಳಿಯಷ್ಟು ಶುದ್ಧ ಗಾಳಿ ಒಳಗೆ ಬರಬೇಕು. ನಮ್ಮ ಹಾಲ್‌ಗೆ ಅದು ಗಂಟೆಗೆ 6,000 ಘನ ಮೀಟರ್. ಅಷ್ಟೂ ಹೊರಗಿನ ಗಾಳಿಯೇ ಆದರೆ ಡೈಆಕ್ಸೈಡ್ ಸುಮಾರು 1,000 ಪಿಪಿಎಂ ಹತ್ತಿರ ನಿಲ್ಲುತ್ತದೆ. ಹಾಲ್‌ನಲ್ಲಿ ಗಾಳಿ ಯಂತ್ರ ಇದ್ದರೆ ಅದರ ಸಾಮರ್ಥ್ಯ ಎಷ್ಟು ಅಂತ ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಕೇಳಿ. ಇಲ್ಲದಿದ್ದರೆ ಎದುರುಬದುರು ಕಿಟಕಿ ತೆಗೆಯಿರಿ. ಮನೆಗೆ ಕೊಳ್ಳುವ ಸಣ್ಣ ಏರ್ ಪ್ಯೂರಿಫೈಯರ್ ಒಂದನ್ನು ವೇದಿಕೆಯ ಮೂಲೆಯಲ್ಲಿಟ್ಟು ಫೋಟೋ ತೆಗೆಸಿಕೊಂಡರೆ ಸಾಲದು. ಅದರ ಶಕ್ತಿ ಗಂಟೆಗೆ 300ರಿಂದ 400 ಘನ ಮೀಟರ್ ಇದ್ದೀತು, ನಮಗೆ ಬೇಕಾದದ್ದು 6,000. ಅಮೆರಿಕದಲ್ಲಿರುವ ಗೆಳೆಯರಿಗೆ ಇನ್ನೊಂದು ಅಗ್ಗದ ದಾರಿ ಇದೆ. ನಾಲ್ಕೈದು ಒಳ್ಳೆಯ ಫಿಲ್ಟರ್ ಮತ್ತು ಒಂದು ಚೌಕದ ಫ್ಯಾನ್ ಸೇರಿಸಿ ಟೇಪ್ ಸುತ್ತಿ ಮಾಡುವ ಕೋರ್ಸಿ-ರೋಸೆಂತಾಲ್ ಪೆಟ್ಟಿಗೆ. 2020ರಲ್ಲಿ ಹುಟ್ಟಿದ ಈ ಉಪಾಯವನ್ನು ಅಲ್ಲಿನ ಎಷ್ಟೋ ಶಾಲೆಗಳಲ್ಲಿ ಮಕ್ಕಳೇ ಕೂತು ಜೋಡಿಸಿದ್ದಾರೆ.

ಹಾಡುವವರ ವಿಷಯದಲ್ಲೂ ಒಂದು ತಿಳಿವಳಿಕೆ ಬಂದಿದೆ. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದೇ ಮಟ್ಟದ ದನಿಯಲ್ಲಿ ಮಾತಾಡಿದರೂ ಹಾಡಿದರೂ ಹೊರಬರುವ ಕಣಗಳಲ್ಲಿ ಅಂಥ ದೊಡ್ಡ ವ್ಯತ್ಯಾಸ ಇಲ್ಲ. ದನಿ ಏರಿಸಿದಾಗ ಮಾತ್ರ 20ರಿಂದ 30 ಪಟ್ಟು ಏರುತ್ತದೆ. ಹಾಗಾಗಿ ಹಾಡನ್ನೇ ನಿಲ್ಲಿಸಬೇಕಾಗಿಲ್ಲ. ಭಾಗವತರಿಗೆ ಒಳ್ಳೆಯ ಮೈಕ್ ಕೊಡಿ, ಮೊದಲ ಸಾಲನ್ನು ದೂರ ಇಡಿ. ಮೈಕ್ ಸರಿಯಿಲ್ಲದೆ ಗಂಟಲು ಹರಿದುಕೊಂಡು ಹಾಡುವ ಕಷ್ಟ ಅವರಿಗೂ ತಪ್ಪುತ್ತದೆ.

ಬಿಚ್ಚಿಟ್ಟ ಗೆಜ್ಜೆಯ ಲೆಕ್ಕ ಯಾರ ತಲೆಗೆ?

"ಇಷ್ಟೆಲ್ಲಾ ತಲೆನೋವು ಯಾಕೆ, ಮತ್ತೆ ಅಂಥ ಕಾಲ ಬಂದರೆ ಕಾರ್ಯಕ್ರಮ ಬಿಟ್ಟರಾಯಿತು" ಅನ್ನುವವರಿದ್ದಾರೆ. ಬಿಟ್ಟರೆ ನಮಗೇನೂ ಆಗುವುದಿಲ್ಲ. ತಿಂಗಳ ಸಂಬಳ ಅಕೌಂಟಿಗೆ ಬೀಳುತ್ತದೆ. ನಷ್ಟ ಆಗುವುದು ಯಾರಿಗೆ?

ಕರಾವಳಿಯ ಯಕ್ಷಗಾನ ಮೇಳಗಳು ದೀಪಾವಳಿಯ ನಂತರ ತಿರುಗಾಟಕ್ಕೆ ಹೊರಟು ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. 2020ರ ಮಾರ್ಚಿನಲ್ಲಿ ಎರಡು ತಿಂಗಳು ಮೊದಲೇ ಗೆಜ್ಜೆ ಬಿಚ್ಚಬೇಕಾಯಿತು. 2021ರ ಏಪ್ರಿಲ್ ಕೊನೆಯಲ್ಲಿ ಮತ್ತೆ ಲಾಕ್‌ಡೌನ್. ಉತ್ತರ ಕರ್ನಾಟಕದ ಕಂಪನಿ ನಾಟಕಗಳು ಬದುಕುವುದೇ ಜಾತ್ರೆಗಳ ಮೇಲೆ. ಜಾತ್ರೆ ನಿಂತರೆ ಟೆಂಟ್ ನಿಂತಿತು, ಟೆಂಟ್ ನಿಂತರೆ ಒಲೆ ನಿಂತಿತು. 2021ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಘೋಷಿಸಿದ 1,250 ಕೋಟಿ ರೂಪಾಯಿಯ ಪ್ಯಾಕೇಜಿನಲ್ಲಿ ಕಲಾವಿದರಿಗೆ ತಲಾ 3,000 ರೂಪಾಯಿ. ಜರ್ಮನ್ ಸರ್ಕಾರ ಕಲಾಲೋಕವನ್ನು ಮತ್ತೆ ಎಬ್ಬಿಸಲು 2020ರಲ್ಲಿ 100 ಕೋಟಿ ಯೂರೋ ತೆಗೆದಿಟ್ಟು, ಆಮೇಲೆ ಅದನ್ನು 200 ಕೋಟಿಗೆ ಏರಿಸಿತು. ಶ್ರೀಮಂತ ದೇಶದ ಜೊತೆ ಹೋಲಿಕೆ ಸಲ್ಲದು ಅನ್ನಬಹುದು. ಹಾಗಾದರೆ ಶ್ರೀಮಂತ ದೇಶದಲ್ಲಿ ಕೂತ ಕನ್ನಡಿಗರು ಏನು ಮಾಡಿದೆವು?

ಆಕ್ಸಿಜನ್ ಯಂತ್ರ ಕಳಿಸಲು ಹಣ ಕೂಡಿಸಿದವರು, ದಿನಸಿ ಹಂಚಲು ನೆರವಾದವರು ನಮ್ಮಲ್ಲಿ ಬೇಕಾದಷ್ಟಿದ್ದರು. ಅವರಿಗೆ ಕೈ ಮುಗಿಯುತ್ತೇನೆ. ಆದರೆ ಕಲಾವಿದರ ವಿಷಯದಲ್ಲಿ ಕೈ ಬಿಗಿಯಾಯಿತು. ನಾನು ನೋಡಿದ ಒಂದು ಆನ್‌ಲೈನ್ ಕಾರ್ಯಕ್ರಮದಲ್ಲಿ ಊರಿನಿಂದ ಒಬ್ಬ ಜಾನಪದ ಗಾಯಕರು ಮೊಬೈಲ್ ಹಿಡಿದು ಒಂದೂವರೆ ಗಂಟೆ ಹಾಡಿದರು. ಕೊನೆಗೆ ಅವರಿಗೆ ಸಿಕ್ಕಿದ್ದು ಕಂಪ್ಯೂಟರಿನಲ್ಲಿ ಮಾಡಿದ ಒಂದು ಪ್ರಶಂಸಾ ಪತ್ರ, "ನಿಮಗೆ ಅಂತರರಾಷ್ಟ್ರೀಯ ವೇದಿಕೆ ಕೊಟ್ಟಿದ್ದೇವೆ" ಅನ್ನುವ ಮಾತು. ಆ ವರ್ಷ ಹಾಲ್ ಬಾಡಿಗೆ ಉಳಿದಿತ್ತು, ಊಟದ ಖರ್ಚು ಉಳಿದಿತ್ತು, ವಿಮಾನದ ಟಿಕೆಟ್ ಉಳಿದಿತ್ತು. ಉಳಿದದ್ದೆಲ್ಲಾ ಸಂಘದ ಖಾತೆಯಲ್ಲಿ ಭದ್ರವಾಗಿತ್ತು. ಪ್ರಶಂಸಾ ಪತ್ರವನ್ನು ಒಲೆ ಮೇಲಿಟ್ಟರೆ ಅನ್ನ ಆಗುತ್ತದೆಯೇ?

ಸುರಕ್ಷಿತವಾಗಿ ಕಾರ್ಯಕ್ರಮ ನಡೆಸಲು ಬರದ ಸಂಘ ಪ್ರತಿ ಸಲವೂ ರದ್ದು ಮಾಡುತ್ತದೆ. ರದ್ದಾದ ಪ್ರತಿ ಕಾರ್ಯಕ್ರಮದ ಬೆಲೆಯನ್ನು ಬಡ ಕಲಾವಿದ ತೆರುತ್ತಾನೆ. ಗಾಳಿಯ ಲೆಕ್ಕಕ್ಕೂ ಅನ್ನದ ಲೆಕ್ಕಕ್ಕೂ ಇರುವ ನಂಟು ಇಷ್ಟೇ.

ಎದುರು ಮಾತುಗಳು

"ಭಯ ಇರುವವರು ಮನೆಯಲ್ಲಿರಲಿ." ಆ ಭಯ ಇರುವವರು ಯಾರು ಗೊತ್ತೇ? ಮೂರು ತಿಂಗಳ ವೀಸಾದಲ್ಲಿ ಮೊಮ್ಮಕ್ಕಳನ್ನು ನೋಡಲು ಬಂದ ನಮ್ಮ ಅಪ್ಪ-ಅಮ್ಮಂದಿರು. ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರಿಗೆ ಹೃದಯಕ್ಕೆ ಸ್ಟೆಂಟ್. ಅವರಿಗೆ ಮಾಡಿಸುವ ಪ್ರವಾಸಿ ವಿಮೆಯಲ್ಲಿ ಹಳೆಯ ಕಾಯಿಲೆಗಳಿಗೆ ಸಾಮಾನ್ಯವಾಗಿ ರಕ್ಷಣೆ ಇರುವುದಿಲ್ಲ. ಇಡೀ ಪ್ರವಾಸದಲ್ಲಿ ಅವರಿಗೆ ನಾಲ್ಕು ಕನ್ನಡದ ಮಾತು ಕೇಳಿಸುವ ಒಂದೇ ಜಾಗ ನಮ್ಮ ಸಂಘದ ಕಾರ್ಯಕ್ರಮ. ಅಲ್ಲಿಂದಲೂ ಅವರನ್ನು ಹೊರಗಿಟ್ಟರೆ ಆ ಸಂಘ ಯಾರಿಗೆ?

"ಚಳಿಗಾಲದಲ್ಲಿ ಕಿಟಕಿ ತೆಗೆಯಲು ಆಗುತ್ತದೆಯೇ?" ಇಲ್ಲಿನ ಶಾಲೆಗಳಲ್ಲಿ ನಮ್ಮ ಮಕ್ಕಳೇ ಆ ಎರಡು ಚಳಿಗಾಲ ಸ್ವೆಟರ್ ಹಾಕಿಕೊಂಡು ಇಪ್ಪತ್ತು ನಿಮಿಷಕ್ಕೊಮ್ಮೆ ಕಿಟಕಿ ತೆಗೆದು ಪಾಠ ಕೇಳಿದರು. ದೊಡ್ಡವರಿಗೆ ಆಗುವುದಿಲ್ಲವೇ? ಅಷ್ಟಕ್ಕೂ ರಾಜ್ಯೋತ್ಸವವನ್ನು ನವೆಂಬರಿನಲ್ಲೇ ಒಳಗೆ ಮಾಡಿ, ಯಕ್ಷಗಾನವನ್ನೂ ಜಾನಪದ ಮೇಳವನ್ನೂ ಜೂನ್-ಜುಲೈನಲ್ಲಿ ಪಾರ್ಕಿನಲ್ಲಿ ಮಾಡಿ. ಯಕ್ಷಗಾನ ಹುಟ್ಟಿ ಬೆಳೆದದ್ದೇ ಬಯಲಲ್ಲಿ. ಬಯಲಾಟ ಅನ್ನುವ ಹೆಸರೇ ಹೇಳುತ್ತಿಲ್ಲವೇ?

"ಮಾಸ್ಕ್ ಹಾಕಿಕೊಂಡು ಹಬ್ಬ ಏನು ಚೆನ್ನ?" ಈಗ ಎಲ್ಲರೂ ಮಾಸ್ಕ್ ಹಾಕಿ ಅಂತ ನಾನು ಹೇಳುತ್ತಿಲ್ಲ. ಹಾಕಿಕೊಂಡು ಬಂದವರನ್ನು ನೋಡಿ ನಗಬೇಡಿ ಅಂತ ಮಾತ್ರ ಹೇಳುತ್ತಿದ್ದೇನೆ. ಗಾಳಿ ಸರಿ ಇದ್ದರೆ ಯಾರ ಸಂಭ್ರಮಕ್ಕೂ ಅಡ್ಡಿ ಇಲ್ಲ. ಕಿಟಕಿ ತೆಗೆದಿದ್ದಕ್ಕೆ ಹಾಡು ಕೆಟ್ಟ ಉದಾಹರಣೆ ನಾನಂತೂ ಕಂಡಿಲ್ಲ. ಚಳಿಗಾಲದ ಫ್ಲೂಗೂ ಇದೇ ಮದ್ದು.

ಹಾಗಾದರೆ ಏನು ಮಾಡಬೇಕು?

ನಿಮ್ಮ ಸಂಘದ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ಐದು ನಿರ್ಣಯಗಳನ್ನು ಮಂಡಿಸಿ:

1. ಹಾಲ್ ಬಾಡಿಗೆಗೆ ಹಿಡಿಯುವ ಮುಂಚೆ ಗಾಳಿ ವ್ಯವಸ್ಥೆಯ ಸಾಮರ್ಥ್ಯವನ್ನು ಬರಹದಲ್ಲಿ ಪಡೆಯಬೇಕು. ತೆರೆಯಲಾಗದ ಕಿಟಕಿ ಮತ್ತು ಕೆಟ್ಟ ಗಾಳಿ ಯಂತ್ರ, ಎರಡೂ ಇರುವ ಹಾಲ್ ಎಷ್ಟೇ ಅಗ್ಗವಾದರೂ ಬೇಡ.

2. ಸಂಘ ಇಂಗಾಲದ ಡೈಆಕ್ಸೈಡ್ ಅಳೆಯುವ ಎರಡು ಯಂತ್ರ ಕೊಳ್ಳಬೇಕು. ಒಂದು ಸಭಾಂಗಣದಲ್ಲಿ, ಒಂದು ಊಟದ ಜಾಗದಲ್ಲಿ, ಎಲ್ಲರಿಗೂ ಕಾಣುವ ಹಾಗೆ ಇಡಬೇಕು. 1,000 ದಾಟಿದರೆ ಒಬ್ಬ ಸ್ವಯಂಸೇವಕ ಕಿಟಕಿ ತೆಗೆಯಬೇಕು. ಅವನನ್ನು ಯಾರೂ ತಡೆಯಕೂಡದು.

3. ಊಟವನ್ನು ಎರಡು ಮೂರು ಪಂಕ್ತಿ ಮಾಡಬೇಕು. ಊರಲ್ಲಿ ಮದುವೆ ಮನೆಯಲ್ಲಿ ಪಂಕ್ತಿ ಹಾಕಿ ಬಡಿಸುವುದು ನಮಗೆ ಹೊಸದೇನಲ್ಲ.

4. ವರ್ಷಕ್ಕೆ ಒಂದು ದೊಡ್ಡ ಕಾರ್ಯಕ್ರಮವಾದರೂ ಬಯಲಲ್ಲಿ ಆಗಬೇಕು.

5. ಕಲಾವಿದರ ಜೊತೆ ಬರಹದ ಕರಾರು ಇರಬೇಕು. ಕಾರ್ಯಕ್ರಮ ರದ್ದಾದರೂ ಸಂಭಾವನೆಯ ಅರ್ಧ ಕೊಡಬೇಕು, ಆನ್‌ಲೈನ್ ಆದರೆ ಪೂರ್ತಿ ಕೊಡಬೇಕು. ಅದಕ್ಕಾಗಿ ಪ್ರತಿ ವರ್ಷದ ಬಜೆಟ್ಟಿನಲ್ಲಿ ಶೇಕಡ 5ರಷ್ಟು ಬೇರೆಯಾಗಿ ಎತ್ತಿಡಬೇಕು.

ಇದರಲ್ಲಿ ಯಾವುದೂ ರಾಕೆಟ್ ಹಾರಿಸುವ ಕೆಲಸವಲ್ಲ. ದುಡ್ಡಿಲ್ಲ ಅನ್ನುವ ಮಾತೂ ಸುಳ್ಳು. ಬೇಕಾಗಿರುವುದು ಪ್ರಶ್ನೆ ಕೇಳುವ ನಾಲ್ಕು ಜನ. ಸಮಿತಿಯವರು ಕೆಟ್ಟವರಲ್ಲ, ನಮ್ಮ ಹಾಗೆ ಕೆಲಸ ಮುಗಿಸಿ ರಾತ್ರಿ ಹತ್ತಕ್ಕೆ ಕುರ್ಚಿ ಲೆಕ್ಕ ಹಾಕುವವರು. ಸದಸ್ಯರು ಕೇಳದಿದ್ದರೆ ಅವರು ಹೂವಿನ ಅಲಂಕಾರವನ್ನೇ ಚರ್ಚಿಸುತ್ತಾರೆ. ಸದಸ್ಯರು ಕೇಳಿದರೆ ಗಾಳಿಯನ್ನೂ ಚರ್ಚಿಸುತ್ತಾರೆ.

ಈ ಸಲದ ಕಾರ್ಯಕ್ರಮದ ಆಹ್ವಾನ ನಿಮ್ಮ ಕೈ ಸೇರಿದಾಗ "ಊಟಕ್ಕೆ ಏನು?" ಅಂತ ಕೇಳುವ ಮುಂಚೆ "ಹಾಲ್‌ನಲ್ಲಿ ಗಾಳಿ ಹೇಗಿದೆ? ಹಾಡುವವರಿಗೆ ಎಷ್ಟು ಕೊಡುತ್ತಿದ್ದೀರಿ?" ಅಂತ ಕೇಳಿ. ಸಮಿತಿಯವರ ಉತ್ತರ ಏನು ಬಂತು ಅಂತ ನಮಗೂ ಬರೆದು ತಿಳಿಸಿ.

ಏನಂತೀರಿ?

ಜೈ ಕರ್ನಾಟಕ!

ಇಂತಿ ನಿಮ್ಮವ,
ಜರ್ಮನಿಯಲ್ಲಿರುವ ಒಬ್ಬ ಕನ್ನಡಿಗ ಸಾಫ್ಟ್‌ವೇರ್ ಇಂಜಿನಿಯರ್